ಜಾಝ್ ನುಡಿಸಲು ಒಳ್ಳೆಯ ಕಾರ್ನೆಟ್ ಆರಿಸುವುದು ಹೇಗೆ: ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಟ್ರಂಪೆಟ್ಟಿನ ಬಳಗದ ಹಿತ್ತಾಳೆಯ ಊದುವಾದ್ಯವಾದ ಕಾರ್ನೆಟ್ ಕೊಳ್ಳಲು ಅಂಗಡಿಗೆ ಹೋದವರಲ್ಲಿ ಹೆಚ್ಚಿನವರು ವಾದ್ಯ ಕೈಗೆ ಬಂದ ಕೂಡಲೇ ಜೋರಾಗಿ ಊದುತ್ತಾರೆ. ಜೋರಾಗಿ ಊದಿದಾಗ ಸಾಧಾರಣ ವಾದ್ಯವೂ ಗಟ್ಟಿಮುಟ್ಟಾಗಿ ಕೇಳಿಸುತ್ತದೆ, ಏಕೆಂದರೆ ಉಸಿರಿನ ಬಲವೇ ಸ್ವರವನ್ನು ಅದರ ಜಾಗಕ್ಕೆ ತಳ್ಳಿ ಕೂರಿಸುತ್ತದೆ. ಮೆಲ್ಲಗೆ ಊದಿದಾಗ ಆ ಆಸರೆ ಇರುವುದಿಲ್ಲ. ಬೆರಳಿನಿಂದ ಒತ್ತುವ ವಾಲ್ವಿನ ಸಂದಿಯಲ್ಲಿ ಸೋರುವ ಗಾಳಿ, ತಡವಾಗಿ ಹೊರಡುವ ಸ್ವರ, ಶ್ರುತಿಯಿಂದ ಜಾರುವ ಗಾಂಧಾರ ಎಲ್ಲವೂ ಆಗ ಬಯಲಾಗುತ್ತವೆ. ಜಾಝ್‌ನಲ್ಲಿ ಕಾರ್ನೆಟ್ಟಿನ ನಿಜವಾದ ಸೊಗಸು ಇರುವುದೂ ಈ ಮೆಲುದನಿಯಲ್ಲೇ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ: ಪ್ರತಿಯೊಂದು ಪರೀಕ್ಷೆಯನ್ನೂ ಮೊದಲು ಮೆಲುದನಿಯಲ್ಲಿ ಮಾಡಿ, ಅದರಲ್ಲಿ ಗೆದ್ದ ವಾದ್ಯವನ್ನು ಮಾತ್ರ ಆಮೇಲೆ ಜೋರಾಗಿ ಊದಿ ನೋಡಿ.

ಮೊದಲು: ನಿಮಗೆ ಬೇಕಾದ ದನಿ ಯಾವುದು?

ಬಿ-ಫ್ಲಾಟ್ ಕಾರ್ನೆಟ್ಟಿನಲ್ಲೂ ಬಿ-ಫ್ಲಾಟ್ ಟ್ರಂಪೆಟ್ಟಿನಲ್ಲೂ ನಳಿಕೆಯ ಒಟ್ಟು ಉದ್ದ ಹೆಚ್ಚುಕಡಿಮೆ ಒಂದೇ, ಬೆರಳಿಡುವ ಕ್ರಮವೂ ಒಂದೇ. ಆದರೆ ಟ್ರಂಪೆಟ್ಟಿನ ನಳಿಕೆ ಬಹುದೂರ ಒಂದೇ ಅಗಲದಲ್ಲಿ ಸಾಗಿ ಕೊನೆಯಲ್ಲಿ ಅರಳುತ್ತದೆ, ಕಾರ್ನೆಟ್ಟಿನದು ಹೆಚ್ಚಿನ ಭಾಗದಲ್ಲಿ ಸ್ವಲ್ಪಸ್ವಲ್ಪವಾಗಿ ಅಗಲವಾಗುತ್ತ ಹೋಗುತ್ತದೆ. ಇದರ ಜೊತೆಗೆ ತುಟಿಗಿಟ್ಟು ಊದುವ, ಹೆಚ್ಚು ಆಳದ ಮೌತ್‌ಪೀಸ್ ಸೇರಿ ಕಾರ್ನೆಟ್ಟಿಗೆ ದುಂಡಗಿನ, ಅಂಚು ಮೃದುವಾದ ನಾದ ಬರುತ್ತದೆ. ಜಾಝ್‌ನ ಮೊದಲ ತಲೆಮಾರು ಈ ನಾದದಲ್ಲೇ ಬೆಳೆಯಿತು. ಬಡ್ಡಿ ಬೋಲ್ಡನ್ ಮತ್ತು ಕಿಂಗ್ ಆಲಿವರ್ ಕಾರ್ನೆಟ್ ವಾದಕರು. 1923ರಲ್ಲಿ ಆಲಿವರ್ ತಂಡದ ಮೊದಲ ಧ್ವನಿಮುದ್ರಣಗಳಾದಾಗ ಆ ತಂಡದಲ್ಲಿದ್ದ ಯುವಕ ಲೂಯಿ ಆರ್ಮ್‌ಸ್ಟ್ರಾಂಗ್ ಕೈಯಲ್ಲಿದ್ದುದೂ ಕಾರ್ನೆಟ್ಟೇ, ಅವರು ಟ್ರಂಪೆಟ್ಟಿಗೆ ಹೊರಳಿದ್ದು ಆ ದಶಕದ ನಡುವಿನಲ್ಲಿ. ಬಿಕ್ಸ್ ಬೈಡರ್‌ಬೆಕ್ 1931ರಲ್ಲಿ ತೀರಿಕೊಳ್ಳುವವರೆಗೂ ಕಾರ್ನೆಟ್ ಬಿಡಲಿಲ್ಲ. ಡ್ಯೂಕ್ ಎಲಿಂಗ್ಟನ್ ತಂಡದ ರೆಕ್ಸ್ ಸ್ಟುವರ್ಟ್, ಮುಂದೆ ರೂಬಿ ಬ್ರಾಫ್ ಹಾಗೂ ನ್ಯಾಟ್ ಆಡರ್ಲಿ ಎಲ್ಲರೂ ಕಾಲ ಟ್ರಂಪೆಟ್ಟಿನ ಕಡೆಗೆ ವಾಲಿದ ಮೇಲೂ ಈ ವಾದ್ಯವನ್ನೇ ಹಿಡಿದುಕೊಂಡವರು.

ಅಂಗಡಿಗೆ ಹೋಗುವ ಮೊದಲು ಈ ವಾದಕರನ್ನು ಕೆಲವು ದಿನ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಬಿಕ್ಸ್ ಅವರ ದನಿ ತುಂಬು, ಪ್ರತಿ ಸ್ವರವೂ ಬಿಡಿಬಿಡಿಯಾಗಿ ಸ್ಪಷ್ಟ. ಸ್ಟುವರ್ಟ್ ಅವರದು ವಾಲ್ವನ್ನು ಅರ್ಧ ಮಾತ್ರ ಒತ್ತಿ ಸ್ವರವನ್ನು ಹಿಂಡಿ ಮಾತನಾಡಿಸುವ ಬಗೆ. ಬ್ರಾಫ್ ಅವರದು ಕೆಳಸ್ಥಾಯಿಯ ಬೆಚ್ಚನೆಯ ಪಿಸುಮಾತು, ಆಡರ್ಲಿ ಅವರದು ಬ್ಲೂಸ್ ತುಂಬಿದ ಹುರುಪಿನ ದನಿ. ಇವುಗಳಲ್ಲಿ ನಿಮ್ಮ ಮನಸ್ಸು ಯಾವುದರ ಕಡೆಗೆ ಎಳೆಯುತ್ತದೆ ಎಂಬುದು ನಿಚ್ಚಳವಾದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆಯೇ ಸರಿ.

ನಮ್ಮ ಊರುಗಳಲ್ಲಿ ಈ ಕೇಳ್ಮೆಗೆ ಹಳೆಯ ಬೇರುಗಳಿವೆ. ಅಮೆರಿಕದ ಜಾಝ್ ವಾದಕ ಲಿಯಾನ್ ಅಬ್ಬೆ ಅವರ ತಂಡ 1935ರಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸಿತು. ಗೋವಾದ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತು ಬಂದ ವಾದಕರು ಅದೇ ಕಾಲದಲ್ಲಿ ಈ ಸಂಗೀತವನ್ನು ತಮ್ಮದಾಗಿಸಿಕೊಂಡರು. ಅವರಲ್ಲಿ ಅಲ್ದೋಣದ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅವರನ್ನು ಜನ ಭಾರತದ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು. ಹೀಗಾಗಿ ಮುಂಬೈಯ ಧೋಬಿ ತಲಾವ್ ಸುತ್ತಮುತ್ತ ಹಿತ್ತಾಳೆಯ ಊದುವಾದ್ಯಗಳನ್ನು ಬಲ್ಲ ಮಾರಾಟಗಾರರೂ ರಿಪೇರಿಯವರೂ ಇಂದಿಗೂ ಸಿಗುತ್ತಾರೆ. ಬೆಂಗಳೂರಿನವರಿಗಿಂತ ಮುಂಬೈ ಕನ್ನಡಿಗರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು ಎಂದು ನನ್ನ ನಂಬಿಕೆ.

ಎರಡನೆಯದು: ಗಿಡ್ಡ ಮಾದರಿಯೋ ಉದ್ದ ಮಾದರಿಯೋ?

ಕಾರ್ನೆಟ್ಟಿನಲ್ಲಿ ಮುಖ್ಯವಾಗಿ ಎರಡು ಮೈಕಟ್ಟುಗಳಿವೆ. ಬೆಲ್ಲಿನ, ಅಂದರೆ ನಾದ ಹೊರಡುವ ಅರಳಿದ ಬಾಯಿಯ, ಹಿಂಭಾಗ ಕೊಕ್ಕೆಯಂತೆ ಒಳಕ್ಕೆ ಬಾಗಿರುವ, ನೋಡಲು ಗಿಡ್ಡಗಿರುವ ಬ್ರಿಟಿಷ್ ಮಾದರಿ ಒಂದು, ಇದನ್ನು ಶೆಫರ್ಡ್ಸ್ ಕ್ರೂಕ್ ಎನ್ನುತ್ತಾರೆ. ದೂರದಿಂದ ಟ್ರಂಪೆಟ್ಟೇ ಎನ್ನಿಸುವ ಉದ್ದನೆಯ ಅಮೆರಿಕನ್ ಮಾದರಿ ಇನ್ನೊಂದು. ಗಿಡ್ಡ ಮಾದರಿಯ ನಾದ ಸಾಮಾನ್ಯವಾಗಿ ಹೆಚ್ಚು ಮೆದು, ಹೆಚ್ಚು ಮಬ್ಬು. ಉದ್ದ ಮಾದರಿಗೆ ತುಸು ಮೊನಚಿದೆ, ಡ್ರಮ್ಸ್ ಮತ್ತು ಸ್ಯಾಕ್ಸೊಫೋನ್ ನಡುವೆ ಅದು ಸುಲಭವಾಗಿ ಕೇಳಿಸುತ್ತದೆ.

ಬ್ರಿಟಿಷ್ ಬ್ರಾಸ್ ಬ್ಯಾಂಡ್‌ಗಳಿಗಾಗಿ ತಯಾರಾದ ಭಾರದ, ಅಗಲ ನಳಿಕೆಯ ಕಾರ್ನೆಟ್‌ಗಳು ಉತ್ತಮ ದರ್ಜೆಯವೇ, ಬೆಸನ್ ಕಂಪನಿಯ ಸಾವರಿನ್ ಸರಣಿ ಇದಕ್ಕೆ ಉದಾಹರಣೆ. ಆದರೆ ಇಪ್ಪತ್ತೈದು ವಾದಕರ ಒಟ್ಟು ನಾದದಲ್ಲಿ ಕರಗಿ ಹೋಗುವುದಕ್ಕಾಗಿ ರೂಪುಗೊಂಡ ದನಿ ಅದು. ಒಬ್ಬರೇ ನಿಂತು ಮನೋಧರ್ಮದಿಂದ ನುಡಿಸುವವರಿಗೆ ಮಧ್ಯಮ ತೂಕದ, ಸ್ವರಕ್ಕೆ ತಟ್ಟನೆ ಓಗೊಡುವ ವಾದ್ಯವೇ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ನಳಿಕೆಯ ಒಳವ್ಯಾಸ ಇಂದಿನ ಹೆಚ್ಚಿನ ಮಾದರಿಗಳಲ್ಲಿ ಸುಮಾರು 11.6ರಿಂದ 11.9 ಮಿಲಿಮೀಟರ್ ಒಳಗೇ ಇರುತ್ತದೆ. ಈ ಸಂಖ್ಯೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಮೌತ್‌ಪೀಸ್‌ನಿಂದ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು.

ಪಾಕೆಟ್ ಕಾರ್ನೆಟ್ ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಪುಟಾಣಿ ವಾದ್ಯಗಳನ್ನು ಮೊದಲ ವಾದ್ಯವಾಗಿ ಕೊಳ್ಳಬೇಡಿ. ಲೋಕಲ್ ಟ್ರೇನಿನಲ್ಲಿ ಒಯ್ಯಲು ಸುಲಭವೇನೋ ಹೌದು, ಆದರೆ ಅವುಗಳಲ್ಲಿ ಬಹುಪಾಲಿನ ಶ್ರುತಿ ಕಲಿಯುವವರ ಕಿವಿಯನ್ನೇ ಕೆಡಿಸುವಂಥದು.

ಮೂರನೆಯದು: ಹೊಸದೋ, ಹಳೆಯದೋ?

ಹೊಸದನ್ನು ಕೊಳ್ಳುವವರು ಯಮಾಹಾ ವೈಸಿಆರ್-2330 ಮಾದರಿಯಿಂದ ಹುಡುಕಾಟ ಆರಂಭಿಸಬಹುದು. ಅದು ಕಲಿಯುವವರ ಗಿಡ್ಡ ಮಾದರಿ, ಶ್ರುತಿ ನಂಬಬಹುದಾದದ್ದು. ವೃತ್ತಿಪರರ ಮಟ್ಟದಲ್ಲಿ ಬಾಕ್ ಕಂಪನಿಯ ಸ್ಟ್ರಾಡಿವೇರಿಯಸ್ 184, ಗೆಟ್ಜನ್ ಎಟರ್ನಾ, ಯಮಾಹಾ ಕ್ಸೀನೋ ಸರಣಿಯ ವಾದ್ಯಗಳು ಹೆಸರಾದವು. ಇವು ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವ ಸರಕಲ್ಲ, ಬೇಡಿಕೆಯ ಮೇಲೆ ತರಿಸಬೇಕಾದೀತು. ತರಿಸುವಾಗ ಸುಂಕ, ತೆರಿಗೆ, ಸಾಗಣೆ ಎಲ್ಲ ಸೇರಿದ ಒಟ್ಟು ಬೆಲೆಯನ್ನು ಮುಂಚಿತವಾಗಿ ಬರವಣಿಗೆಯಲ್ಲಿ ಪಡೆಯಿರಿ. ವಾದ್ಯ ಬಂದ ಮೇಲೆ ಊದಿ ನೋಡಿ ಬೇಡವೆನ್ನುವ ಅವಕಾಶವಿದೆಯೇ ಎಂಬುದನ್ನೂ ಆಗಲೇ ಕೇಳಿ.

ಜಾಝ್‌ಗೆ ಹಳೆಯ ಅಮೆರಿಕನ್ ಕಾರ್ನೆಟ್‌ಗಳು ಒಂದು ಕೈ ಮೇಲೆಂದು ನಂಬುವವರಲ್ಲಿ ನಾನೂ ಒಬ್ಬ. ಓಲ್ಡ್ಸ್ ಅಂಬಾಸಡರ್, ಕಾನ್ ವಿಕ್ಟರ್, ಕಿಂಗ್ ಮಾಸ್ಟರ್ ಇವು ಗಟ್ಟಿ ಕೆಲಸದ ವಾದ್ಯಗಳು. ಶಾಲಾ ಮಕ್ಕಳಿಗೆಂದು ಮಾಡಿದ ಅಂಬಾಸಡರ್ ಕೂಡ ಒಳ್ಳೆಯ ಸ್ಥಿತಿಯಲ್ಲಿದ್ದರೆ ಇಂದಿನ ಎಷ್ಟೋ ಹೊಸ ವಾದ್ಯಗಳನ್ನು ಮೀರಿಸುತ್ತದೆ. ಓಲ್ಡ್ಸ್ ಕಂಪನಿ 1979ರಲ್ಲಿ ಮುಚ್ಚಿಹೋದ ಕಾರಣ ಬಿಡಿಭಾಗ ಸಿಗುವುದು ಕಷ್ಟ. ಆದ್ದರಿಂದ ವಾಲ್ವುಗಳು ಚೆನ್ನಾಗಿರುವುದನ್ನೇ ಆರಿಸಬೇಕು.

ಮೀರತ್‌ನಲ್ಲಿ ತಯಾರಾಗುವ ದೇಶಿ ವಾದ್ಯಗಳು ಮದುವೆ ಬ್ಯಾಂಡಿನವರ ದುಡಿಮೆಗೆ ದಶಕಗಳಿಂದ ಆಧಾರವಾಗಿವೆ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಬೀದಿಯಲ್ಲಿ ದೂರಕ್ಕೆ ಕೇಳಿಸುವುದು ಅವುಗಳ ಕೆಲಸ. ಪಿಯಾನೊ ಜೊತೆ ಮೆಲ್ಲಗೆ ನುಡಿಸುವ ಉದ್ದೇಶವಿದ್ದರೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಗೆದ್ದ ವಾದ್ಯವನ್ನು ಮಾತ್ರ ತೆಗೆದುಕೊಳ್ಳಿ.

ಚೋರ್ ಬಜಾರಿನಲ್ಲೋ ಪುಣೆಯ ಜೂನಾ ಬಜಾರಿನಲ್ಲೋ ಕೈಗೆ ಸಿಗುವ ಬ್ರಿಟಿಷ್ ಕಾಲದ ಕಾರ್ನೆಟ್‌ಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬ್ರಿಟನ್ನಿನ ಸೇನಾ ಬ್ಯಾಂಡ್ ಮತ್ತು ಬ್ರಾಸ್ ಬ್ಯಾಂಡ್‌ಗಳಿಗಾಗಿ ಮಾಡಿದ ಹಳೆಯ ವಾದ್ಯಗಳಲ್ಲಿ ಅನೇಕವು ಎತ್ತರದ ಶ್ರುತಿಯವು. ಇಂದು ಎ ಸ್ವರಕ್ಕೆ 440 ಹರ್ಟ್ಸ್ ಎಂಬ ಅಳತೆಯಿದ್ದರೆ ಆಗ ಅದು ಸುಮಾರು 452, ಅಂದರೆ ಇಂದಿಗಿಂತ ಹೆಚ್ಚುಕಡಿಮೆ ಕಾಲು ಸ್ವರ ಮೇಲೆ. ಶ್ರುತಿಯ ಸ್ಲೈಡನ್ನು, ಅಂದರೆ ಒಳಕ್ಕೂ ಹೊರಕ್ಕೂ ಜಾರುವ ನಳಿಕೆಯನ್ನು, ಬಹಳ ಹೊರಕ್ಕೆ ಎಳೆದರೆ ಷಡ್ಜವೇನೋ ಇಳಿದೀತು. ಆದರೆ ಮೂರು ವಾಲ್ವುಗಳ ಸ್ಲೈಡ್‌ಗಳು ಹಳೆಯ ಅಳತೆಗೇ ಉಳಿಯುವುದರಿಂದ ಉಳಿದ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಹಳೆಯ ಅಮೆರಿಕನ್ ವಾದ್ಯಗಳಲ್ಲಿ ವಾಲ್ವುಗಳ ಹತ್ತಿರ ಕೊರೆದ ಎಲ್‌ಪಿ ಎಂಬ ಅಕ್ಷರಗಳು ತಗ್ಗಿನ ಶ್ರುತಿಯನ್ನೂ ಎಚ್‌ಪಿ ಎತ್ತರದ ಶ್ರುತಿಯನ್ನೂ ಸೂಚಿಸುತ್ತವೆ. ಕಾಲು ಸ್ವರ ಮೇಲಿರುವ ವಾದ್ಯ ಎಷ್ಟೇ ಅಂದವಾಗಿದ್ದರೂ ಗೋಡೆಗೆ ಅಲಂಕಾರವೇ ಹೊರತು ತಂಡದಲ್ಲಿ ನುಡಿಸಲು ಬಾರದು.

ನಾಲ್ಕನೆಯದು: ಊದುವ ಮುನ್ನ ಕೈಯಿಂದ, ಕಣ್ಣಿನಿಂದ ಪರೀಕ್ಷೆ

ಮೊದಲು ವಾಲ್ವುಗಳು. ಅಂಗಡಿಯವರ ಅನುಮತಿ ಪಡೆದು ಮೂರಕ್ಕೂ ಎಣ್ಣೆ ಹಾಕಿ, ಏಕೆಂದರೆ ಒಣಗಿದ ವಾಲ್ವನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಪ್ರತಿ ಪಿಸ್ಟನ್ನನ್ನು, ಅಂದರೆ ವಾಲ್ವಿನೊಳಗೆ ಏರಿಳಿಯುವ ಭಾಗವನ್ನು, ನೇರವಾಗಿ ಒತ್ತಿ ನೋಡಿ, ಬಳಿಕ ಬೆರಳನ್ನು ಗುಂಡಿಯ ಅಂಚಿಗೆ ಸರಿಸಿ ಓರೆಯಾಗಿ ಒತ್ತಿ. ಆಗಲೂ ತಡವರಿಸದೆ ಮೇಲೆ ಬರಬೇಕು. ಮುಂದೆ ಗಾಳಿ ಸೋರಿಕೆ: ಯಾವ ವಾಲ್ವನ್ನೂ ಒತ್ತದೆ ಮೊದಲನೆಯ ವಾಲ್ವಿನ ಸ್ಲೈಡನ್ನು ಒಂದು ಅಂಗುಲ ಹೊರಕ್ಕೆ ಎಳೆಯಿರಿ, ಮೂರು ನಾಲ್ಕು ಸೆಕೆಂಡು ಸುಮ್ಮನಿರಿ, ಆಮೇಲೆ ಆ ವಾಲ್ವನ್ನು ಒತ್ತಿ. 'ಪಕ್' ಎಂಬ ಸದ್ದು ಬಂದರೆ ಪಿಸ್ಟನ್ ಮತ್ತು ಅದರ ಕೊಳವೆಯ ನಡುವಿನ ಬಿಗಿ ಚೆನ್ನಾಗಿದೆ ಎಂದರ್ಥ. ಸದ್ದೇ ಬಾರದಿದ್ದರೆ ಗಾಳಿ ಆಗಲೇ ಸೋರಿಹೋಗಿದೆ. ಪಿಸ್ಟನ್ನಿಗೆ ಹೊಸ ಲೇಪ ಹಾಕಿಸಿ ಅಳತೆಗೆ ಉಜ್ಜಿಸುವುದು ನುರಿತವರ ಕೈಯ ದುಬಾರಿ ಕೆಲಸ, ಆದ್ದರಿಂದ ಸೋರುವ ವಾದ್ಯ ಎಷ್ಟು ಅಗ್ಗವಾದರೂ ಬೇಡ. ವಾಲ್ವು ಮೇಲೆ ಕೆಳಗೆ ಹೋಗುವಾಗ ಕೇಳುವ ಕಟಕಟ ಸದ್ದಿಗೆ ಹೆದರಬೇಕಿಲ್ಲ, ಬಹಳ ಸಲ ಅದು ಸವೆದ ಫೆಲ್ಟ್ ಬದಲಿಸಿದರೆ ಹೋಗುತ್ತದೆ.

ಸ್ಲೈಡ್‌ಗಳೆಲ್ಲ ಅಲುಗುತ್ತಿರಬೇಕು. ಮೂರನೆಯ ವಾಲ್ವಿನ ಸ್ಲೈಡ್ ಮಾತ್ರ ಎಡಗೈ ಬೆರಳಿನ ಉಂಗುರದಿಂದ ನುಡಿಸುತ್ತಲೇ ಸಲೀಸಾಗಿ ಜಾರಬೇಕು. ಇದರ ಕಾರಣ ಮುಂದೆ ಬರುತ್ತದೆ.

ಈಗ ಮೌತ್‌ಪೀಸ್ ಕೂರುವ ಮೊದಲ ನಳಿಕೆ. ಕರಾವಳಿಯಲ್ಲಿ ವಾದ್ಯಗಳು ಸಾಯುವುದು ಇಲ್ಲಿಂದಲೇ. ಸಾಮಾನ್ಯ ಹಳದಿ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಎಂಜಲು, ತೇವ, ತೊಳೆಯದೆ ಉಳಿದ ಕೊಳೆ ಸೇರಿ ಸತುವನ್ನು ತಿಂದುಹಾಕಿದಾಗ ಬರಿಯ ತಾಮ್ರದ ಜೊಳ್ಳು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ನಸುಗೆಂಪು ಮಚ್ಚೆ, ಅದರ ನಡುವೆ ಕಪ್ಪು ಚುಕ್ಕೆ. ರಿಪೇರಿಯವರು ಇದನ್ನು ರೆಡ್ ರಾಟ್ ಎನ್ನುತ್ತಾರೆ. ಒಳಗಿನಿಂದ ತಿನ್ನುತ್ತ ಬಂದದ್ದು ಹೊರಗೆ ಕಾಣಿಸಿಕೊಂಡಿದೆ ಎಂದರೆ ನಳಿಕೆ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು. ಶ್ರುತಿಯ ಸ್ಲೈಡನ್ನು ತೆಗೆದು ಮೊಬೈಲ್ ಟಾರ್ಚಿನಿಂದ ಒಳಗೂ ನೋಡಿ. ತಾಮ್ರದ ಪಾಲು ಹೆಚ್ಚಿರುವ ಕೆಂಪು ಹಿತ್ತಾಳೆಯ ನಳಿಕೆಗಳಿಗೆ ಈ ಕಾಟ ಕಡಿಮೆ, ಮುಂಬೈ ಗೋವಾಗಳ ಹವೆಗೆ ಅದು ಒಂದು ಲಾಭವೇ. ಬೆಲ್ಲಿನ ಮೇಲಿನ ಸಣ್ಣ ನೆಗ್ಗುಗಳಿಂದ ನಾದಕ್ಕೆ ತೊಂದರೆಯಿಲ್ಲ, ಮೊದಲ ನಳಿಕೆಯ ನೆಗ್ಗು ಮಾತ್ರ ಸಣ್ಣದಾದರೂ ಕೆಡುಕು.

ಐದನೆಯದು: ಸರಿಯಾದ ಮೌತ್‌ಪೀಸ್

ಟ್ರಂಪೆಟ್ಟಿನ ಮೌತ್‌ಪೀಸ್ ಕಾರ್ನೆಟ್ಟಿಗೆ ಕೂರುವುದಿಲ್ಲ, ಅದರ ಬಾಲ ದಪ್ಪ. ಅಡಾಪ್ಟರ್ ಹಾಕಿ ಹೊಂದಿಸುವವರಿದ್ದಾರೆ, ಆದರೆ ಅದರಿಂದ ಶ್ರುತಿಯೂ ಕೆಡುತ್ತದೆ, ಕಾರ್ನೆಟ್ಟಿನ ದನಿಯೂ ಹೋಗುತ್ತದೆ. ಹಳೆಯ ಬ್ರಿಟಿಷ್ ಕಾರ್ನೆಟ್‌ಗಳಿಗೆ ಇನ್ನೂ ಸಪೂರವಾದ ಬಾಲ ಬೇಕಾಗುವುದುಂಟು. ಕೂರಿಸಿದಾಗ ಅಲುಗದೆ ಬಿಗಿಯಾಗಿ ನಿಲ್ಲುತ್ತದೆಯೇ ಎಂದು ತಿರುಗಿಸಿ ನೋಡಿ.

ಬಟ್ಟಲಿನ ಆಳವೇ ದನಿಯ ಬಣ್ಣವನ್ನು ತೀರ್ಮಾನಿಸುತ್ತದೆ. ಡೆನಿಸ್ ವಿಕ್ 4ಬಿಯಂಥ ಆಳದ ಮೌತ್‌ಪೀಸ್‌ನಲ್ಲಿ ನಾದ ದಟ್ಟ, ನಿಧಾನದ ಹಾಡುಗಳಿಗೆ ಸೊಗಸು. ಬಾಕ್ 7ಸಿಯಂಥ ಕಡಿಮೆ ಆಳದ್ದರಲ್ಲಿ ಸ್ವರದ ಅಂಚು ಚುರುಕು, ಬೀಬಾಪ್ ಎಂಬ ಜಾಝ್ ಶೈಲಿಯ ವೇಗದ ನುಡಿಗಟ್ಟುಗಳಿಗೆ ಅನುಕೂಲ. ನಡುವಿನ ಆಳದ ಒಂದರಿಂದ ಆರಂಭಿಸಿ ಆರು ತಿಂಗಳಾದರೂ ಬದಲಿಸದೆ ನುಡಿಸಿ ಎಂಬುದು ನನ್ನ ಸಲಹೆ. ವಾದ್ಯ ಕೊಳ್ಳಲು ಹೋಗುವಾಗ ತುಟಿಗೆ ರೂಢಿಯಾದ ಸ್ವಂತ ಮೌತ್‌ಪೀಸನ್ನೇ ಒಯ್ಯಿರಿ, ಇಲ್ಲವಾದರೆ ನೀವು ಹೋಲಿಸುವುದು ಎರಡು ಮೌತ್‌ಪೀಸ್‌ಗಳನ್ನೇ ಹೊರತು ಎರಡು ಕಾರ್ನೆಟ್‌ಗಳನ್ನಲ್ಲ.

ಆರನೆಯದು: ಊದಿ ನೋಡುವ ಕ್ರಮ

ಇಡೀ ಆಯ್ಕೆಯಲ್ಲಿ ಮುಖ್ಯವಾದ ಘಟ್ಟ ಇದು. ಒಂದು ಗಂಟೆಯಾದರೂ ಬಿಡುವು ಮಾಡಿಕೊಂಡು, ಜನಸಂದಣಿಯಿಲ್ಲದ ಬೆಳಗಿನ ಹೊತ್ತು ಹೋಗಿ. ಫೋನಿನಲ್ಲಿ ತಂಬೂರಿಯ ಆ್ಯಪ್ ಇರಲಿ. ಕಾರ್ನೆಟ್ಟಿನ ಬರಹದ ಸಿ ಸ್ವರವೆಂದರೆ ಕೇಳಿಸುವ ಬಿ-ಫ್ಲಾಟ್, ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ 5. ತಂಬೂರಿಯನ್ನು ಕರಿ 5ಕ್ಕೆ ಇಟ್ಟು, ವಾಲ್ವು ಒತ್ತದೆ ನಡುಸ್ಥಾಯಿಯ ಜಿ ಸ್ವರವನ್ನು, ಅಂದರೆ ಪಂಚಮವನ್ನು, ಸಾಧ್ಯವಾದಷ್ಟು ಮೆಲ್ಲಗೆ ಆರಂಭಿಸಿ. ನಾಲಿಗೆಯಿಂದ ತಟ್ಟದೆ ಬರಿಯ ಉಸಿರಿನಿಂದ ಹೊರಡಿಸಿ. ಒಳ್ಳೆಯ ವಾದ್ಯದಲ್ಲಿ ಉಸಿರು ಮುಟ್ಟಿದ ಕ್ಷಣವೇ ಸ್ವರ ಹುಟ್ಟುತ್ತದೆ. ಕೆಟ್ಟದ್ದರಲ್ಲಿ ಮೊದಲು ಬರಿ ಗಾಳಿಯ ಸದ್ದು ಬಂದು, ಆಮೇಲೆ ಸ್ವರ ಧಡಕ್ಕನೆ ಹತ್ತಿಕೊಳ್ಳುತ್ತದೆ.

ನಮ್ಮ ಪರಿಚಯದ ಡೊಂಬಿವಲಿಯ ಹುಡುಗನೊಬ್ಬ ಹೀಗೆ ಎರಡು ಕಾರ್ನೆಟ್‌ಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದ. ಜೋರಾಗಿ ಊದಿದಾಗ ಅವನಿಗೆ ಬೆಳ್ಳಿ ಲೇಪದ ಹೊಸ ವಾದ್ಯವೇ ಮೆಚ್ಚಾಗಿತ್ತು. ಮೆಲ್ಲಗೆ ಶುರು ಮಾಡು ಎಂದಾಗ ಎರಡು ಮೂರು ಸಲ ಪ್ರಯತ್ನಿಸಿ, "ಅಂಕಲ್, ಇದರಲ್ಲಿ ಸ್ವರ ಹೊರಡೋದೇ ತಡ ಆಗ್ತಿದೆ, ಅದರಲ್ಲಿ ಹಾಗಿಲ್ಲ" ಎಂದು ಪಕ್ಕದ ಮಾಸಲು ವಾದ್ಯವನ್ನು ಎತ್ತಿಕೊಂಡ. ಅವನ ಕಿವಿಗೆ ತಾನಾಗಿ ಸಿಕ್ಕ ಆ ತೀರ್ಪಿಗೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ.

ಮುಂದೆ ಷಡ್ಜ, ಪಂಚಮ, ಮೇಲಿನ ಷಡ್ಜ ತಂಬೂರಿಗೆ ಬೆರೆಯುತ್ತವೆಯೇ ನೋಡಿ. ಆದರೆ ಗಾಂಧಾರದಲ್ಲಿ ಒಂದು ಸೂಕ್ಷ್ಮವಿದೆ. ವಾಲ್ವು ಒತ್ತದೆ ಬರುವ ಮೇಲಿನ ಇ ಸ್ವರ ನಳಿಕೆಯ ಐದನೆಯ ಸಹಜ ಸ್ವರ. ಪ್ರಕೃತಿಯ ಲೆಕ್ಕದಲ್ಲಿ ಅದು ಪಿಯಾನೊ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗೆ, ಅಂದರೆ ಅರೆಸ್ವರದ ಏಳನೆಯ ಒಂದು ಪಾಲಿನಷ್ಟು ಇಳಿದಿರುತ್ತದೆ. ತಂಬೂರಿಯೊಳಗಿನಿಂದ ತಾನಾಗಿ ಹೊಮ್ಮುವ ಗಾಂಧಾರವೂ ಅದೇ, ಹಾಗಾಗಿ ನಮ್ಮ ಸಂಗೀತದಲ್ಲಿ ಪಳಗಿದ ಕಿವಿಗೆ ಅದು ಇಂಪಾಗಿಯೇ ಕೇಳುತ್ತದೆ. ಪಿಯಾನೊ, ಗಿಟಾರ್ ಜೊತೆ ಸೇರಿದಾಗ ಮಾತ್ರ ತಗ್ಗಿದಂತೆ ಕಾಣುತ್ತದೆ. ಆದ್ದರಿಂದ ಈ ಒಂದು ಸ್ವರವನ್ನು ಕೀಬೋರ್ಡ್ ಅಥವಾ ಟ್ಯೂನರ್ ಜೊತೆ ಪರೀಕ್ಷಿಸಿ. ತುಟಿಯಿಂದ ತುಸು ಎತ್ತಿದರೆ ಸರಿಹೋಗುವಷ್ಟು ವ್ಯತ್ಯಾಸ ಎಲ್ಲ ವಾದ್ಯಗಳಲ್ಲೂ ಇರುತ್ತದೆ. ಎತ್ತಿದರೂ ಏರದೆ ಹಠ ಹಿಡಿಯುವ ವಾದ್ಯವನ್ನು ಬಿಡಿ.

ಕೆಳಗಿನ ಡಿ ಮತ್ತು ಸಿ-ಶಾರ್ಪ್ ಸ್ವರಗಳದ್ದು ಇದಕ್ಕೆ ವಿರುದ್ಧ ಗುಣ. ಒಂದು ಮತ್ತು ಮೂರನೆಯ ವಾಲ್ವು, ಅಥವಾ ಮೂರೂ ವಾಲ್ವುಗಳು ಸೇರಿದಾಗ ಕೂಡುವ ನಳಿಕೆಯ ಉದ್ದ ಬೇಕಾದುದಕ್ಕಿಂತ ಕಡಿಮೆ ಬೀಳುವುದರಿಂದ ಇವು ಮೇಲೇರುತ್ತವೆ. ಮೂರನೆಯ ಸ್ಲೈಡನ್ನು ಉಂಗುರದಿಂದ ಹೊರಕ್ಕೆ ತಳ್ಳಿ ಇವನ್ನು ಇಳಿಸಬೇಕು. ಅದು ಸಲೀಸಾಗಿ ಜಾರಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಇಷ್ಟಾದ ಮೇಲೆ ಜಾಝ್‌ಗೇ ಮೀಸಲಾದ ಪರೀಕ್ಷೆಗಳು. ವಾಲ್ವನ್ನು ಅರ್ಧ ಒತ್ತಿ ಸ್ವರದಿಂದ ಸ್ವರಕ್ಕೆ ಜಾರಿ ನೋಡಿ, ದನಿ ಹಿಂಡಿದಂತಾದರೂ ನಡುವೆ ಕಡಿಯಬಾರದು. ಒಂದೇ ಸ್ವರವನ್ನು ತುಟಿಯಿಂದ ಕೆಳಕ್ಕೆ ಬಗ್ಗಿಸಿ ಮರಳಿ ತನ್ನಿ. ಬಗ್ಗಲೇ ಒಪ್ಪದ ವಾದ್ಯದಲ್ಲಿ ಬ್ಲೂಸ್ ನುಡಿಯುವುದಿಲ್ಲ, ಬಗ್ಗಿದ್ದು ಮರಳಿ ತನ್ನ ನೆಲೆಗೆ ಬಾರದ ವಾದ್ಯದಲ್ಲಿ ಯಾವುದೂ ನುಡಿಯುವುದಿಲ್ಲ. ಬೆಲ್ಲಿಗೆ ಸಿಕ್ಕಿಸಿ ದನಿಯ ಬಣ್ಣ ಬದಲಿಸುವ ಕಪ್ ಮ್ಯೂಟ್ ಮತ್ತು ಹಾರ್ಮನ್ ಮ್ಯೂಟ್ ಹಾಕಿ ಮತ್ತೆ ಶ್ರುತಿ ನೋಡಿ. ಕಾರ್ನೆಟ್ಟಿನ ಬೆಲ್ಲಿನ ಕತ್ತು ಬೇರೆ ಆಕಾರದ್ದಾದ್ದರಿಂದ ಟ್ರಂಪೆಟ್ಟಿನ ಮ್ಯೂಟ್ ಸರಿಯಾಗಿ ಕೂರದೆ ಅದರ ಕಾರ್ಕನ್ನು ಉಜ್ಜಬೇಕಾಗಬಹುದು. ಫ್ಲ್ಯಾಟಿನಲ್ಲಿ ನೆರೆಯವರಿಗಾಗಿ ಬಳಸುವ ಪ್ರಾಕ್ಟೀಸ್ ಮ್ಯೂಟ್ ಹಾಕಿಕೊಂಡು ಮಾತ್ರ ವಾದ್ಯವನ್ನು ಅಳೆಯಬೇಡಿ, ಅದರಲ್ಲಿ ಶ್ರುತಿಯೂ ಉಸಿರಿನ ತಡೆಯೂ ಬೇರೆಯಾಗುತ್ತವೆ.

ಕೊನೆಗೆ ಹೋಲಿಸುತ್ತಿರುವ ಕಾರ್ನೆಟ್‌ಗಳನ್ನು ನುಡಿಸಬಲ್ಲವರೊಬ್ಬರ ಕೈಗೆ ಕೊಟ್ಟು, ನೀವು ಕೋಣೆಯ ಇನ್ನೊಂದು ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತು ಕೇಳಿ. ಯಾವುದನ್ನು ಯಾವಾಗ ಊದುತ್ತಾರೆಂದು ನಿಮಗೆ ತಿಳಿಯದಿರಲಿ. ಬೆಳ್ಳಿಯ ಹೊಳಪು, ಬ್ರಾಂಡಿನ ಹೆಸರು, ಬೆಲೆಯ ಚೀಟಿ ಯಾವುದೂ ಆಗ ಕಿವಿಗೆ ಅಡ್ಡ ಬರುವುದಿಲ್ಲ.

ಏಳನೆಯದು: ಹಣ ಕೊಡುವ ಮುನ್ನ, ಮನೆಗೆ ತಂದ ಮೇಲೆ

ಹಳೆಯ ವಾದ್ಯವಾದರೆ ಮುಂಗಡ ಕೊಟ್ಟು, ರಿಪೇರಿಯವರಿಗೆ ತೋರಿಸಿ ಬರಲು ಒಂದೆರಡು ದಿನ ಕೇಳಿ. ಅದಕ್ಕೆ ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು. ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಲಕ್ಕರ್ ಎಂಬ ತೆಳು ಪಾರದರ್ಶಕ ಹೊದಿಕೆಯೋ ಬೆಳ್ಳಿ ಲೇಪವೋ ಎಂಬ ಚರ್ಚೆಯಲ್ಲಿ ನಾದದ ವ್ಯತ್ಯಾಸ ಅತ್ಯಲ್ಪ, ಆರೈಕೆಯ ವ್ಯತ್ಯಾಸವೇ ದೊಡ್ಡದು. ಬೆಳ್ಳಿ ನಮ್ಮ ಹವೆಯಲ್ಲಿ ಬೇಗ ಕಪ್ಪಾಗುತ್ತದೆ, ಬಟ್ಟೆಯಿಂದ ಒರೆಸಿದರೆ ಮತ್ತೆ ಬೆಳಗುತ್ತದೆ. ಲಕ್ಕರ್ ಕಪ್ಪಾಗುವುದಿಲ್ಲ, ಆದರೆ ಬೆವರಿನ ಕೈ ತಗಲುವ ಜಾಗದಲ್ಲಿ ಕಿತ್ತುಬಂದರೆ ಅಲ್ಲಿ ಹಿತ್ತಾಳೆ ಬರಿದಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನುಡಿಸಿ ಮುಗಿದ ಪ್ರತಿಸಲವೂ ನೀರಿನ ಕೀಲಿ ತೆರೆದು ಊದಿ ಒಳಗಿನ ಹನಿಯನ್ನೆಲ್ಲ ಹೊರಹಾಕಿ, ಮೊದಲ ನಳಿಕೆಯಲ್ಲಿ ದಾರಕ್ಕೆ ಕಟ್ಟಿದ ಒಣಬಟ್ಟೆ ಎಳೆದ ಮೇಲೆಯೇ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ತಿಂಗಳಿಗೊಮ್ಮೆ ವಾಲ್ವುಗಳನ್ನು ಬಿಚ್ಚಿ, ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಇಡೀ ವಾದ್ಯವನ್ನು ತೊಳೆದು ಒಣಗಿಸಿ. ಬಿಸಿನೀರು ಬೇಡ, ಲಕ್ಕರ್ ಏಳುತ್ತದೆ. ಪಿಸ್ಟನ್‌ಗಳ ಮೇಲೆ 1, 2, 3 ಎಂದು ಕೊರೆದಿರುವ ಅಂಕಿಗಳನ್ನು ನೋಡಿ ಆಯಾ ಜಾಗಕ್ಕೇ ಮರಳಿ ಹಾಕಿ, ಸ್ಲೈಡ್‌ಗಳಿಗೆ ಗ್ರೀಸ್, ವಾಲ್ವುಗಳಿಗೆ ಎಣ್ಣೆ ಹಚ್ಚಿ.